ಮ್ಯೂನಿಕ್‌ನಲ್ಲಿ ನೆಲೆಸುವುದು ಹೇಗೆ: ಹೊರಡುವ ಮುಂಚಿನ ಕಾಗದಪತ್ರದಿಂದ ಕಾಯಂ ವಾಸದವರೆಗೆ

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಉದ್ಯೋಗದ ಕರಾರುಪತ್ರ ಹಿಡಿದು ಜರ್ಮನಿಯ ಮ್ಯೂನಿಕ್‌ಗೆ ಹೊರಡುವವರು ವೀಸಾ ಕೈಸೇರುವವರೆಗೆ ಸಾಮಾನ್ಯವಾಗಿ ಚೆನ್ನಾಗಿಯೇ ಸಾಗುತ್ತಾರೆ. ತೊಡಕು ಶುರುವಾಗುವುದು ಅಲ್ಲಿ ಇಳಿದ ಮೇಲಿನ ಮೊದಲ ಎರಡು ತಿಂಗಳಲ್ಲಿ. ವಿಳಾಸ ನೋಂದಣಿಯಾಗಿಲ್ಲವೆಂದು ತೆರಿಗೆ ಸಂಖ್ಯೆ ಬರುವುದಿಲ್ಲ, ತೆರಿಗೆ ಸಂಖ್ಯೆ ಇಲ್ಲವೆಂದು ಸಂಬಳದಲ್ಲಿ ವಿಪರೀತ ಕಡಿತವಾಗುತ್ತದೆ, ಸಂಬಳದ ಚೀಟಿ ಇಲ್ಲವೆಂದು ಬಾಡಿಗೆ ಮನೆ ಸಿಗುವುದಿಲ್ಲ, ಮನೆ ಇಲ್ಲವೆಂದು ಮತ್ತೆ ವಿಳಾಸದ ಪ್ರಶ್ನೆ ಏಳುತ್ತದೆ. ಈ ಸುಳಿಯಿಂದ ಪಾರಾಗುವ ಉಪಾಯ ಕೆಲಸಗಳ ಕ್ರಮದಲ್ಲಿದೆ. ಆದ್ದರಿಂದ ಈ ಬರಹದಲ್ಲಿ ಯಾವುದರ ನಂತರ ಯಾವುದು ಎಂಬುದಕ್ಕೇ ಹೆಚ್ಚು ಜಾಗ ಕೊಟ್ಟಿದೆ. ಇದು ಉದ್ಯೋಗದ ಮೇಲೆ ಸಂಸಾರಸಮೇತ ಹೋಗುವವರನ್ನು ಉದ್ದೇಶಿಸಿದ್ದು, ವಿದ್ಯಾರ್ಥಿಗಳ ನಿಯಮಗಳು ಬೇರೆ ಇವೆ. ಇಲ್ಲಿನ ಮೊತ್ತಗಳು 2025ರವು. ಅವುಗಳಲ್ಲಿ ಹಲವು ಪ್ರತಿ ಜನವರಿಯಲ್ಲಿ ಬದಲಾಗುತ್ತವೆ.

## ಹಂತ 1: ಎಲ್ಲ ದಾಖಲೆಗಳಲ್ಲಿ ಒಂದೇ ಹೆಸರು

ಕರ್ನಾಟಕದವರಿಗೆ ಎದುರಾಗುವ ಮೊದಲ ಸಮಸ್ಯೆ ಇನಿಷಿಯಲ್‌ಗಳದ್ದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮಾತ್ರ ಇರುತ್ತವೆ, ಪದವಿ ಪ್ರಮಾಣಪತ್ರದಲ್ಲಿ ಅವೇ ಅಕ್ಷರಗಳು ಹೆಸರಿನ ಹಿಂದಕ್ಕೆ ಹೋಗಿರುತ್ತವೆ, ಪಾಸ್‌ಪೋರ್ಟಿನಲ್ಲಿ ಅವು ವಿಸ್ತರಿಸಿಕೊಂಡಿರುತ್ತವೆ ಅಥವಾ ಕುಟುಂಬನಾಮದ ಜಾಗ ಖಾಲಿಯೇ ಉಳಿದಿರುತ್ತದೆ. ಜರ್ಮನಿಯ ಕಚೇರಿಗಳು ಪಾಸ್‌ಪೋರ್ಟಿನ ಯಂತ್ರ ಓದುವ ಸಾಲನ್ನೇ ಪ್ರಮಾಣವೆಂದು ತೆಗೆದುಕೊಳ್ಳುತ್ತವೆ. ಅಲ್ಲಿ ಕುಟುಂಬನಾಮ ಇಲ್ಲದಿದ್ದರೆ ಮುಂದೆ ಬ್ಯಾಂಕು, ವಿಮೆ, ಮಗುವಿನ ಜನನ ನೋಂದಣಿ, ಎಲ್ಲ ಕಡೆಯೂ ಅದಕ್ಕೆ ವಿವರಣೆ ಕೊಡುತ್ತ ಕೂರಬೇಕಾಗುತ್ತದೆ.

ಪಾಸ್‌ಪೋರ್ಟಿನಲ್ಲಿ ತಿದ್ದುಪಡಿ ಬೇಕೆಂದರೆ ವೀಸಾ ಅರ್ಜಿಗೆ ಮುಂಚೆಯೇ ಮಾಡಿಸಿಕೊಳ್ಳಿ. ಗಂಡ, ಹೆಂಡತಿ, ಮಕ್ಕಳ ಕುಟುಂಬನಾಮ ಒಂದೇ ಆಗಿರಬೇಕೆಂಬ ಕಡ್ಡಾಯವೇನೂ ಇಲ್ಲ. ಆದರೆ ಮಗುವಿನ ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿಯ ಹೆಸರು ಅವರವರ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು.

ಇನ್ನೆರಡು ಕಾಗದಗಳನ್ನು ತಪ್ಪದೆ ತೆಗೆದು ನೋಡಿ. ಮಗು ಹುಟ್ಟಿದಾಗ ಆಸ್ಪತ್ರೆಯ ಮೂಲಕ ಆದ ಜನನ ನೋಂದಣಿಯಲ್ಲಿ ಎಷ್ಟೋ ಬಾರಿ ಮಗುವಿನ ಹೆಸರಿನ ಕಾಲಂ ಖಾಲಿ ಇರುತ್ತದೆ. ನೋಂದಣಿಯಾದ 15 ವರ್ಷಗಳೊಳಗೆ ಹೆಸರು ಸೇರಿಸಲು ಅವಕಾಶವಿದೆ. ಈ ಕೆಲಸ ಊರಿನಲ್ಲಿದ್ದಾಗ ಸುಲಭ, ಮ್ಯೂನಿಕ್‌ನಿಂದ ಕಷ್ಟ. ಎರಡನೆಯದು ಮದುವೆಯ ನೋಂದಣಿ. ಲಗ್ನಪತ್ರಿಕೆ, ಕಲ್ಯಾಣಮಂಟಪದ ರಸೀದಿ, ದೇವಸ್ಥಾನದ ಚೀಟಿ ಯಾವುದೂ ನಡೆಯುವುದಿಲ್ಲ. ಉಪನೋಂದಣಾಧಿಕಾರಿಯ ಕಚೇರಿಯ ವಿವಾಹ ಪ್ರಮಾಣಪತ್ರವೇ ಬೇಕು.

ಪದವಿಗೆ ಸಂಬಂಧಿಸಿ ಅನಾಬಿನ್ ಎಂಬ ಜರ್ಮನ್ ಮಾಹಿತಿಕೋಶದಲ್ಲಿ ನಿಮ್ಮ ವಿಶ್ವವಿದ್ಯಾಲಯವನ್ನು ಹುಡುಕಿ. ಅಲ್ಲಿ ಮಾನ್ಯತೆ ಇದೆ ಎಂಬರ್ಥದ ಹೆಚ್-ಪ್ಲಸ್ ಗುರುತಿದ್ದು, ಪದವಿಯೂ ಪಟ್ಟಿಯಲ್ಲಿದ್ದರೆ ಆ ಪುಟಗಳನ್ನು ಮುದ್ರಿಸಿಕೊಂಡರೆ ಸಾಕು. ಕಾಲೇಜಿನ ಹೆಸರು ಹುಡುಕಿ ಸಿಗಲಿಲ್ಲವೆಂದು ಗಾಬರಿಯಾಗುವವರು ಬಹಳ ಮಂದಿ; ಹುಡುಕಬೇಕಾದದ್ದು ಪದವಿ ಕೊಟ್ಟ ವಿಶ್ವವಿದ್ಯಾಲಯವನ್ನು. ಅಲ್ಲಿ ಸ್ಪಷ್ಟತೆ ಇಲ್ಲದಿದ್ದರೆ ವಿದೇಶಿ ಪದವಿಗಳನ್ನು ತೂಗಿ ನೋಡುವ ಝಡ್‌ಎಬಿ ಸಂಸ್ಥೆಯಿಂದ ಮೌಲ್ಯಮಾಪನ ಪತ್ರ ಪಡೆಯಬೇಕು. ಅದರ ಶುಲ್ಕ 208 ಯೂರೋ, ಜೊತೆಗೆ ಕಾಯುವ ಕಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಪ್ರತಿ ಕಾಗದಕ್ಕೂ ಅಪೊಸ್ಟಿಲ್, ಅಂದರೆ ವಿದೇಶದ ಬಳಕೆಗೆಂದು ಸರ್ಕಾರ ಹಾಕುವ ದೃಢೀಕರಣದ ಮುದ್ರೆ, ಬೇಕೆಂದು ಏಜೆಂಟರು ಹೇಳುತ್ತಾರೆ. ಕಾನ್ಸುಲೇಟಿನ ಪಟ್ಟಿಯಲ್ಲಿ ಕೇಳದೆ ಇರುವುದಕ್ಕೆ ದುಡ್ಡು ಸುರಿಯಬೇಡಿ.

## ಹಂತ 2: ವೀಸಾ ಅರ್ಜಿ

ಕರ್ನಾಟಕದ ನಿವಾಸಿಗಳ ಅರ್ಜಿಗಳನ್ನು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ಪರಿಶೀಲಿಸುತ್ತದೆ. 2025ರ ಜನವರಿಯಿಂದ ಉದ್ಯೋಗ ವೀಸಾದ ಅರ್ಜಿಯನ್ನು ಜರ್ಮನ್ ವಿದೇಶಾಂಗ ಇಲಾಖೆಯ ಆನ್‌ಲೈನ್ ಪೋರ್ಟಲ್‌ನಲ್ಲೇ ತುಂಬಬಹುದಾಗಿದ್ದು, ಬೆರಳಚ್ಚಿಗೆ ಮತ್ತು ಮೂಲ ದಾಖಲೆಗಳಿಗೆ ಮಾತ್ರ ಖುದ್ದಾಗಿ ಹೋಗಬೇಕು.

ಪದವೀಧರರಿಗೆ ಅನುಕೂಲವಾದದ್ದು ಇಯು ಬ್ಲೂ ಕಾರ್ಡ್ ಎಂಬ ಉದ್ಯೋಗದ ವಾಸ ಪರವಾನಗಿ. 2025ರಲ್ಲಿ ಇದಕ್ಕೆ ವರ್ಷಕ್ಕೆ ಕನಿಷ್ಠ 48,300 ಯೂರೋ ಒಟ್ಟು ಸಂಬಳ ಬೇಕಿತ್ತು. ಕೊರತೆಯಿರುವ ವೃತ್ತಿಗಳೆಂದು ಗುರುತಿಸಿದವುಗಳಿಗೆ, ಉದಾಹರಣೆಗೆ ಐಟಿ, ಎಂಜಿನಿಯರಿಂಗ್ ಮತ್ತು ವೈದ್ಯಕೀಯಕ್ಕೆ, 43,759.80 ಯೂರೋ ಸಾಕಿತ್ತು. ಬ್ಲೂ ಕಾರ್ಡ್ ಪಡೆದವರ ಪತಿ ಅಥವಾ ಪತ್ನಿಗೆ ಹೊರಡುವ ಮುಂಚೆ ಜರ್ಮನ್ ಭಾಷೆಯ ಎ1, ಅಂದರೆ ಆರಂಭಿಕ ಮಟ್ಟದ, ಪರೀಕ್ಷೆ ಕಡ್ಡಾಯವಿಲ್ಲ, ಅಲ್ಲಿ ಹೋದ ಮೇಲೆ ಕೆಲಸ ಮಾಡಲು ಪ್ರತ್ಯೇಕ ಪರವಾನಗಿಯೂ ಬೇಡ. ಪರೀಕ್ಷೆ ಕಡ್ಡಾಯವಿಲ್ಲ ಎಂದ ಮಾತ್ರಕ್ಕೆ ಭಾಷೆ ಕಲಿಯದೆ ಹೋಗುವುದು ಜಾಣತನವಲ್ಲ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಒಂದು ಹಂತವನ್ನಾದರೂ ಮುಗಿಸಿಕೊಂಡರೆ ಮೊದಲ ಚಳಿಗಾಲ ಎಷ್ಟೋ ಹಗುರಾಗುತ್ತದೆ.

## ಹಂತ 3: ಊರಿನ ವ್ಯವಹಾರಗಳನ್ನು ಹದಕ್ಕೆ ತರುವುದು

ಉದ್ಯೋಗಕ್ಕೆಂದು ದೇಶ ಬಿಟ್ಟವರು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಪ್ರಕಾರ ಅನಿವಾಸಿಗಳಾಗುತ್ತಾರೆ, ಮತ್ತು ಅವರ ಮಾಮೂಲು ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಊರಿನ ಮನೆಯ ಬಾಡಿಗೆ, ಠೇವಣಿಯ ಬಡ್ಡಿ ಅದಕ್ಕೆ ಬರಲಿ. ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ. ಈಗಿರುವ ಪಿಪಿಎಫ್ ಅವಧಿ ಮುಗಿಯುವವರೆಗೆ ಮುಂದುವರಿಯಬಹುದು, ಹೊಸದನ್ನು ತೆರೆಯುವಂತಿಲ್ಲ.

ಖಾತಾ ಬದಲಾವಣೆ, ಆಸ್ತಿ ತೆರಿಗೆ, ಬ್ಯಾಂಕಿನ ಸಹಿ ಮೊದಲಾದವುಗಳಿಗೆ ನಂಬಿಕೆಯ ಒಬ್ಬರ ಹೆಸರಿನಲ್ಲಿ ಜಿಪಿಎ ಬರೆಸಿ ನೋಂದಣಿ ಮಾಡಿಸಿ. ವ್ಯಾಪ್ತಿಯನ್ನು ನಿರ್ದಿಷ್ಟವಾಗಿ ಬರೆಸಿ. ಮಾರಾಟದ ಅಧಿಕಾರವನ್ನು ಸುಮ್ಮನೆ ಸೇರಿಸಬೇಡಿ. ಜಮೀನು ಕೊಳ್ಳುವ ಆಲೋಚನೆ ಇರುವವರಿಗೆ ಒಂದು ಎಚ್ಚರಿಕೆ: ಅನಿವಾಸಿಯಾದ ಮೇಲೆ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಖರೀದಿಸುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು.

ಸಾಮಾನು ಕಟ್ಟುವಾಗ ಗಮನಿಸಬೇಕಾದವು ಕೆಲವೇ. ಅಲ್ಲಿಯೂ ವಿದ್ಯುತ್ತು 230 ವೋಲ್ಟ್ ಆದ್ದರಿಂದ ಮಿಕ್ಸಿ ಓಡುತ್ತದೆ, ಪ್ಲಗ್ ಮಾತ್ರ ಹೊಂದುವುದಿಲ್ಲ. ಪ್ರೆಶರ್ ಕುಕ್ಕರ್ ಒಯ್ಯುವುದಾದರೆ ಇಂಡಕ್ಷನ್ ತಳದ್ದನ್ನೇ ಒಯ್ಯಿರಿ, ಏಕೆಂದರೆ ಗ್ಯಾಸ್ ಒಲೆ ಅಲ್ಲಿ ಅಪರೂಪ. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿಗೆ ತೊಂದರೆಯಿಲ್ಲ. ಆದರೆ ತುಪ್ಪ, ಪೇಡ ಮುಂತಾದ ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಕ್ಕೆ ಒಯ್ಯುವುದು ನಿಷಿದ್ಧ. ಅಜ್ಜಿ ಕಾಯಿಸಿಕೊಟ್ಟ ತುಪ್ಪವಾದರೂ ಕಸ್ಟಮ್ಸ್‌ನವರು ತೊಟ್ಟಿಗೇ ಹಾಕುತ್ತಾರೆ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಬಳಸಿದ ನಿಮ್ಮ ಮನೆಸಾಮಾನಿಗೆ ವಾಸ ಬದಲಾವಣೆಯ ವಿನಾಯಿತಿಯಲ್ಲಿ ಸುಂಕವಿಲ್ಲ; ಒಡವೆಗಳಿದ್ದರೆ ಹಳೆಯ ರಸೀದಿಯೂ ಜೊತೆಗಿರಲಿ.

ಕೈಚೀಲದಲ್ಲಿ ಇರಬೇಕಾದವು: ಎಲ್ಲ ಮೂಲ ಪ್ರಮಾಣಪತ್ರಗಳು, ಮಕ್ಕಳ ಲಸಿಕೆಯ ಕಾರ್ಡು, ಡ್ರೈವಿಂಗ್ ಲೈಸೆನ್ಸ್, ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಹಿಂದಿನ ಮೂರು ತಿಂಗಳ ಸಂಬಳದ ಚೀಟಿ. ಇವು ಯಾವ ಕಾರಣಕ್ಕೂ ವಿಮಾನದ ಹೊಟ್ಟೆ ಸೇರುವ ಸೂಟ್‌ಕೇಸಿನಲ್ಲಿ ಇರಕೂಡದು.

## ಹಂತ 4: ಮೊದಲ ತಾತ್ಕಾಲಿಕ ಮನೆ

ಇಡೀ ಪ್ರಕ್ರಿಯೆಯ ಕೀಲಿ ಇಲ್ಲಿದೆ. ಮೊದಲ ಎರಡು ಮೂರು ತಿಂಗಳಿಗೆಂದು ಸಜ್ಜಾದ ತಾತ್ಕಾಲಿಕ ಮನೆ ಹಿಡಿಯುವಾಗ ಬಾಡಿಗೆ ಕೇಳುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್, ಅಂದರೆ ವಾಸದ ನೋಂದಣಿ, ಮಾಡಿಸಬಹುದೇ? ಹೋಟೆಲ್ ಮಾದರಿಯ ಎಷ್ಟೋ ತಂಗುದಾಣಗಳು ಇದಕ್ಕೆ ಒಪ್ಪುವುದಿಲ್ಲ. ಒಪ್ಪಿದವರಿಂದ ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್ ಎಂಬ ಉದ್ದ ಹೆಸರಿನ ಒಂದು ಪುಟದ ದೃಢೀಕರಣಕ್ಕೆ ಸಹಿ ಬೇಕು. ಬಾಡಿಗೆ ಕರಾರು ಅದಕ್ಕೆ ಪರ್ಯಾಯವಲ್ಲ. ಇಂಥ ಮನೆಗೆ ತಿಂಗಳಿಗೆ ಸ್ವಲ್ಪ ಹೆಚ್ಚು ತೆರಬೇಕಾಗಿ ಬಂದರೂ ಅದೇ ಲಾಭ. ನೋಂದಣಿ ಸಾಧ್ಯವಿಲ್ಲದ ಅಗ್ಗದ ಕೋಣೆ ಹಿಡಿದವರು ಆ ಉಳಿತಾಯದ ಹಲವು ಪಟ್ಟನ್ನು ಮುಂದೆ ಕಳೆದುಕೊಳ್ಳುತ್ತಾರೆ.

ಕೀಲಿಕೈ ಸಿಕ್ಕ ದಿನವೇ ಅಂಚೆಪೆಟ್ಟಿಗೆಯ ಮೇಲೆ ಮನೆಯವರೆಲ್ಲರ ಕುಟುಂಬನಾಮ ಅಂಟಿಸಿ. ಜರ್ಮನಿಯಲ್ಲಿ ಫ್ಲ್ಯಾಟ್ ಸಂಖ್ಯೆ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಅಂಚೆಯವರು ಹೆಸರು ನೋಡಿ ಹಾಕುತ್ತಾರೆ, ಹೆಸರು ಕಾಣದಿದ್ದರೆ ಕಾಗದ ಹಿಂದಕ್ಕೆ ಹೋಗುತ್ತದೆ. ತೆರಿಗೆ ಸಂಖ್ಯೆ, ಬ್ಯಾಂಕಿನ ಪಿನ್, ವಿಮೆಯ ಕಾರ್ಡು ಎಲ್ಲವೂ ಅಂಚೆಯಲ್ಲೇ ಬರುವ ಊರಿನಲ್ಲಿ ಕಾಗದದ ತುಂಡೊಂದನ್ನು ಅಂಟಿಸಲು ಮರೆತು ವಾರಗಟ್ಟಲೆ ಕಾದವರು ಕಡಿಮೆಯೇನಿಲ್ಲ.

## ಹಂತ 5: ಎರಡು ವಾರದೊಳಗೆ ವಾಸದ ನೋಂದಣಿ

ಮನೆಗೆ ಬಂದ ಎರಡು ವಾರದೊಳಗೆ ನೋಂದಣಿ ಮಾಡಿಸಬೇಕೆಂಬುದು ಕಾನೂನು. ಮ್ಯೂನಿಕ್ ನಗರದೊಳಗಿನವರಿಗೆ ಬ್ಯೂರ್ಗರ್‌ಬ್ಯೂರೋ ಎಂಬ ನಾಗರಿಕ ಕಚೇರಿಗಳಿವೆ, ಸಮಯವನ್ನು ಆನ್‌ಲೈನ್‌ನಲ್ಲಿ ಕಾದಿರಿಸಬೇಕು. ಊರಿನಲ್ಲಿರುವಾಗಲೇ, ಮನೆ ಗೊತ್ತಾದ ದಿನವೇ, ಕಾದಿರಿಸಲು ಪ್ರಯತ್ನಿಸಿ. ಒಂದು ಕಚೇರಿಯಲ್ಲಿ ಸಮಯ ಸಿಗದಿದ್ದರೆ ನಗರದ ಬೇರೆ ಯಾವ ಶಾಖೆಯಾದರೂ ಆಗುತ್ತದೆ.

ಅರ್ಜಿಯಲ್ಲಿ ಧರ್ಮದ ಕಾಲಂ ಇರುತ್ತದೆ. ಅದು ಕುತೂಹಲಕ್ಕಲ್ಲ, ತೆರಿಗೆಗೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟಂಟ್ ಎಂದು ನೋಂದಾಯಿಸಿದರೆ ಬವೇರಿಯಾದಲ್ಲಿ ಆದಾಯ ತೆರಿಗೆಯ ಶೇ. 8ರಷ್ಟನ್ನು ಚರ್ಚ್ ತೆರಿಗೆಯಾಗಿ ಸಂಬಳದಿಂದಲೇ ಹಿಡಿಯುತ್ತಾರೆ. ಮಂಗಳೂರಿನ ಕ್ರೈಸ್ತ ಕುಟುಂಬಗಳು ಇದನ್ನು ತಿಳಿದೇ ತುಂಬುವುದು ಒಳಿತು.

ನೋಂದಣಿಯಾದ ಕೆಲವು ವಾರಗಳಲ್ಲಿ ಹನ್ನೊಂದು ಅಂಕಿಯ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದನ್ನು ಕಂಪನಿಗೆ ಕೊಡದಿದ್ದರೆ ಅತಿ ಹೆಚ್ಚು ಕಡಿತದ ಆರನೇ ತೆರಿಗೆ ವರ್ಗದಲ್ಲಿ ಸಂಬಳ ಬರಬಹುದು; ಹೆಚ್ಚು ಕಡಿದದ್ದು ಮುಂದೆ ಮರಳಿ ಬರುತ್ತದೆಯಾದರೂ ಮನೆಯ ಠೇವಣಿ ಕಟ್ಟಬೇಕಾದ ತಿಂಗಳಲ್ಲೇ ಕೈ ಖಾಲಿಯಾಗುತ್ತದೆ. ಇದರ ಬೆನ್ನಿಗೇ ಪ್ರಸಾರ ಶುಲ್ಕದ ಪತ್ರವೂ ಬರುತ್ತದೆ: ಮನೆಗೆ ತಿಂಗಳಿಗೆ 18.36 ಯೂರೋ, ಟಿವಿ ಇದ್ದರೂ ಇಲ್ಲದಿದ್ದರೂ. ಮೋಸದ ಪತ್ರವೆಂದು ಹರಿದು ಹಾಕಿದವರಿಗೆ ದಂಡಸಮೇತ ಮತ್ತೊಂದು ಬರುತ್ತದೆ.

## ಹಂತ 6: ಆರೋಗ್ಯ ವಿಮೆ

ವರ್ಷಕ್ಕೆ ಒಂದು ಮಿತಿಗಿಂತ (2025ರಲ್ಲಿ 73,800 ಯೂರೋ) ಕಡಿಮೆ ಸಂಬಳದ ಉದ್ಯೋಗಿಗೆ ಸಾರ್ವಜನಿಕ ವಿಮೆ ಕಡ್ಡಾಯ. ಅದಕ್ಕಿಂತ ಹೆಚ್ಚಿದ್ದವರು ಖಾಸಗಿಗೆ ಹೋಗಬಹುದು, ದಲ್ಲಾಳಿಗಳೂ ಮೊದಲ ವಾರದಲ್ಲೇ ಬೆನ್ನು ಹತ್ತುತ್ತಾರೆ. ನೆಲೆಸಲು ಹೋದ ಸಂಸಾರಸ್ಥರಿಗೆ ನನ್ನ ಸಲಹೆ ಸಾರ್ವಜನಿಕ ವಿಮೆಯೇ. ಅದರಲ್ಲಿ ಆದಾಯವಿಲ್ಲದ ಪತಿ ಅಥವಾ ಪತ್ನಿಗೂ ಮಕ್ಕಳಿಗೂ ಹೆಚ್ಚುವರಿ ಕಂತಿಲ್ಲ. ಖಾಸಗಿಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಕಂತು, ವಯಸ್ಸಿನೊಂದಿಗೆ ಏರುವ ದರ, ಮತ್ತು 55 ದಾಟಿದ ಮೇಲೆ ಸಾರ್ವಜನಿಕಕ್ಕೆ ಮರಳುವ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ.

## ಹಂತ 7: ಕಾಯಂ ಬಾಡಿಗೆ ಮನೆ

ಮ್ಯೂನಿಕ್ ಜರ್ಮನಿಯಲ್ಲೇ ಅತಿ ದುಬಾರಿ ಬಾಡಿಗೆಯ ನಗರ, ಒಂದು ಜಾಹೀರಾತಿಗೆ ನೂರಾರು ಅರ್ಜಿಗಳು ಬೀಳುತ್ತವೆ. ಇಲ್ಲಿ ಸಿದ್ಧತೆ ಇದ್ದವರಿಗೇ ಮೊದಲ ಮಣೆ. ಮೂರು ಸಂಬಳದ ಚೀಟಿ, ಉದ್ಯೋಗ ಕರಾರು, ಶೂಫಾ ಸಂಸ್ಥೆಯ ಸಾಲ ವರದಿ, ಪಾಸ್‌ಪೋರ್ಟ್ ಮತ್ತು ವಾಸ ಪರವಾನಗಿಯ ಪ್ರತಿ, ಜರ್ಮನ್‌ನಲ್ಲಿ ಕುಟುಂಬದ ಅರ್ಧ ಪುಟದ ಪರಿಚಯ: ಇಷ್ಟನ್ನೂ ಒಂದೇ ಪಿಡಿಎಫ್ ಮಾಡಿಟ್ಟುಕೊಂಡು, ಜಾಹೀರಾತು ಬಂದ ಗಂಟೆಯೊಳಗೆ ಕಳಿಸಬೇಕು. ಸಂಜೆ ಆಫೀಸು ಮುಗಿಸಿ ಬಂದು ನೋಡೋಣ ಎಂದರೆ ಪಟ್ಟಿ ಮುಚ್ಚಿರುತ್ತದೆ.

ಜಾಹೀರಾತನ್ನು ಓದುವುದರಲ್ಲೂ ಎಡವುತ್ತಾರೆ. ಅಲ್ಲಿ 3 ಕೋಣೆಯ ಮನೆ ಎಂದರೆ ಹಾಲ್ ಸೇರಿ ಮೂರು, ಅಂದರೆ ನಮ್ಮ ಲೆಕ್ಕದ 2 ಬಿಎಚ್‌ಕೆ. ಕಾಲ್ಟ್‌ಮೀಟೆ ಬರೀ ಬಾಡಿಗೆ, ವಾರ್ಮ್‌ಮೀಟೆಯಲ್ಲಿ ನಿರ್ವಹಣೆ ಮತ್ತು ಸಾಮಾನ್ಯವಾಗಿ ಶಾಖದ ವೆಚ್ಚವೂ ಸೇರಿರುತ್ತದೆ. ಕರೆಂಟು, ಇಂಟರ್ನೆಟ್ ಬೇರೆ. ಐನ್‌ಬೌಕ್ಯೂಷೆ ಎಂದು ಬರೆದಿಲ್ಲದಿದ್ದರೆ ಅಡುಗೆಮನೆ ಎಂಬುದು ನಾಲ್ಕು ಗೋಡೆ ಮತ್ತು ನೀರಿನ ಕೊಳವೆ ಮಾತ್ರ: ಸಿಂಕ್, ಒಲೆ, ಕಪಾಟು ಎಲ್ಲ ನೀವೇ ಹಾಕಿಸಬೇಕು, ಅಥವಾ ಹಿಂದಿನ ಬಾಡಿಗೆದಾರರಿಂದ ಕೊಳ್ಳಬೇಕು.

ಠೇವಣಿ ಗರಿಷ್ಠ ಮೂರು ತಿಂಗಳ ಕಾಲ್ಟ್‌ಮೀಟೆ, ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗಿದೆ. ಇದಕ್ಕಿಂತ ಹೆಚ್ಚು ಕೇಳಿದರೆ ಎಚ್ಚರ. ಮಾಲೀಕ ವಿದೇಶದಲ್ಲಿದ್ದಾನೆ, ಕೀಲಿಕೈ ಕೊರಿಯರ್‌ನಲ್ಲಿ ಬರುತ್ತದೆ, ಮೊದಲು ಹಣ ಹಾಕಿ ಎಂಬ ಮಾತು ಬಂದರೆ ಅದು ವಂಚನೆಯೇ. ನಗರದ ನಟ್ಟನಡುವಿನ ಮಾರಿಯೆನ್‌ಪ್ಲಾಟ್ಸ್ ಚೌಕದ ಬಳಿ ದೊಡ್ಡ ಮನೆ ಅಗ್ಗದ ಬಾಡಿಗೆಗೆ ಸಿಕ್ಕಿತೆಂದರೂ ಅಷ್ಟೇ.

ಶ್ವಾಬಿಂಗ್‌ನಂಥ ಬಡಾವಣೆಗಳಿಗೇ ಕಟ್ಟುಬೀಳದೆ ಮೊಸಾಖ್, ನೊಯ್‌ಪೆರ್ಲಾಖ್, ಪಾಸಿಂಗ್ ಕಡೆಗೂ, ಯು6 ಮೆಟ್ರೊ ಇರುವ ಗಾರ್ಷಿಂಗ್, ಎಸ್2 ರೈಲಿನ ದಾಖೌ ಕಡೆಗೂ ಹುಡುಕಿ. ಆದರೆ ನಗರದ ಗಡಿ ದಾಟಿದರೆ ವಿದೇಶಿಯರ ಕಚೇರಿಯೂ ಬದಲಾಗುತ್ತದೆ ಎಂಬುದು ನೆನಪಿರಲಿ. ಗಾರ್ಷಿಂಗ್‌ನವರ ಕಡತ ನಗರದ ವಿದೇಶಿಯರ ವಿಭಾಗವಿರುವ ಕೆವಿಆರ್ ಕಚೇರಿಯಲ್ಲಿ ಇರುವುದಿಲ್ಲ, ಜಿಲ್ಲಾ ಕಚೇರಿಯಲ್ಲಿರುತ್ತದೆ.

ಮನೆ ಒಪ್ಪಿಸಿಕೊಳ್ಳುವ ದಿನ ಹಸ್ತಾಂತರ ಪತ್ರದಲ್ಲಿ ಪ್ರತಿ ಗೀರು, ಕಲೆ, ಮೀಟರ್ ಅಂಕಿ ಬರೆಸಿ, ಫೋಟೊ ತೆಗೆದಿಡಿ. ವಾಸ ಶುರುವಾದ ಮೇಲೆ ಗೋಡೆಗೆ ಹಿಡಿಯುವ ಬೂಷ್ಟೇ ದೊಡ್ಡ ಶತ್ರು. ಬೇಳೆ ಬೇಯಿಸುವ, ಅನ್ನ ಬಸಿಯುವ, ಒಳಗೇ ಬಟ್ಟೆ ಒಣಗಿಸುವ ಮನೆಯಲ್ಲಿ ಚಳಿಗಾಲದ ಹವೆಯ ತೇವವೆಲ್ಲ ತಣ್ಣನೆಯ ಗೋಡೆಯ ಮೇಲೆ ಕೂರುತ್ತದೆ. ದಿನಕ್ಕೆ ಎರಡು ಮೂರು ಬಾರಿ ಎಲ್ಲ ಕಿಟಕಿಗಳನ್ನೂ ಐದು ಹತ್ತು ನಿಮಿಷ ಪೂರ್ತಿ ತೆರೆದು ಮುಚ್ಚಬೇಕು. ಕಿಟಕಿಯನ್ನು ಓರೆಯಾಗಿಸಿ ದಿನವಿಡೀ ಬಿಡುವುದರಿಂದ ಶಾಖ ಹೋಗುತ್ತದೆ, ತೇವ ಹೋಗುವುದಿಲ್ಲ. ಕಿಟಕಿಯ ಮೂಲೆಯಲ್ಲಿ ಕಪ್ಪು ಚುಕ್ಕಿ ಕಂಡ ದಿನವೇ ಮಾಲೀಕರಿಗೆ ಲಿಖಿತವಾಗಿ ತಿಳಿಸಿ. ಬಚ್ಚಿಟ್ಟರೆ ಠೇವಣಿಗೆ ಕುತ್ತು. ಭಾನುವಾರ ಗೋಡೆಗೆ ಡ್ರಿಲ್ ಹಿಡಿಯಬೇಡಿ, ಇಡ್ಲಿ ಹಿಟ್ಟು ರುಬ್ಬುವುದನ್ನೂ ಶನಿವಾರ ಸಂಜೆಗೇ ಮುಗಿಸಿ.

ಹೊಸ ಮನೆಗೆ ಬಂದ ಮೇಲೆ ಮತ್ತೆ ಎರಡು ವಾರದೊಳಗೆ ವಿಳಾಸ ಬದಲಾವಣೆಯ ನೋಂದಣಿ ಆಗಬೇಕು.

## ಹಂತ 8: ವಾಸ ಪರವಾನಗಿಯ ಕಾರ್ಡು

ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಪ್ರವೇಶಕ್ಕೆ ಮಾತ್ರ. ಅದರ ಅವಧಿ ಮುಗಿಯುವ ಮುನ್ನ ವಿದೇಶಿಯರ ಕಚೇರಿಗೆ ಬ್ಲೂ ಕಾರ್ಡಿನ ಅರ್ಜಿ ಹೋಗಿರಲೇಬೇಕು. ಇಳಿದ ತಿಂಗಳಲ್ಲೇ ಆನ್‌ಲೈನ್ ಅರ್ಜಿ ಹಾಕಿ, ಸ್ವೀಕೃತಿಯನ್ನು ಕಾಪಾಡಿಕೊಳ್ಳಿ. ತಡವಾದರೆ ಫಿಕ್ಷಿಯೋನ್ಸ್‌ಬೆಶೈನಿಗುಂಗ್ ಎಂಬ ಮಧ್ಯಂತರ ಪತ್ರ ಸಿಗುತ್ತದೆ. ಅದರಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆಂಬುದರ ಮೇಲೆ ಊರಿಗೆ ಹೋಗಿ ಮರಳಬಹುದೇ ಇಲ್ಲವೇ ಎಂಬುದು ನಿಂತಿದೆ. ಟಿಕೆಟ್ ತೆಗೆಸುವ ಮುಂಚೆ ಲಿಖಿತವಾಗಿ ಕೇಳಿ ತಿಳಿಯಿರಿ.

ಮೊದಲ 12 ತಿಂಗಳಲ್ಲಿ ಕಂಪನಿ ಬದಲಿಸಿದರೆ ಕಚೇರಿಗೆ ತಿಳಿಸಬೇಕು. ತಂದೆ ತಾಯಿಯ ಆರೈಕೆಗೆಂದು ಊರಿಗೆ ಬಂದು ಹೆಚ್ಚು ಕಾಲ ಉಳಿಯುವವರೂ ಗಮನಿಸಿ: ಒಂದೇ ಸಮನೆ 12 ತಿಂಗಳು ಹೊರಗಿದ್ದರೆ ಬ್ಲೂ ಕಾರ್ಡ್ ರದ್ದಾಗುತ್ತದೆ, ಇತರ ಸಾಮಾನ್ಯ ಪರವಾನಗಿಗಳಿಗೆ ಮಿತಿ ಆರು ತಿಂಗಳು.

ಕಾರು ಓಡಿಸುವವರಿಗೆ ಇನ್ನೊಂದು ಗಡುವು ಇದೆ. ಭಾರತದ ಲೈಸೆನ್ಸ್ ವಾಸ ಶುರುವಾದ ಆರು ತಿಂಗಳವರೆಗೆ ಮಾತ್ರ ನಡೆಯುತ್ತದೆ. ಆಮೇಲೆ ಲಿಖಿತ ಮತ್ತು ಚಾಲನಾ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಓಡಿಸಿದ ಅನುಭವ ಅಲ್ಲಿ ಹೆಚ್ಚಾಗಿ ಅಡ್ಡಿಯೇ ಆಗುತ್ತದೆ.

## ಹಂತ 9: ಮಕ್ಕಳ ಶಾಲೆ

ಶಿಶುವಿಹಾರಕ್ಕೆ ನಗರದ ಕೀಟಾ ಫೈಂಡರ್ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು, ಕಾಯುವಿಕೆ ದೀರ್ಘ. ದಡಾರ ಲಸಿಕೆಯ ದಾಖಲೆ ಇಲ್ಲದೆ ಪ್ರವೇಶವಿಲ್ಲ. 2020ರಿಂದ ಇದು ಕಡ್ಡಾಯ. ಸರ್ಕಾರಿ ಪ್ರಾಥಮಿಕ ಶಾಲೆ ಮನೆಯ ವಿಳಾಸದ ಮೇಲೆ ನಿರ್ಧಾರವಾಗುತ್ತದೆ, ಶುಲ್ಕವಿಲ್ಲ. ಮಗುವಿಗೆ ತಿಂಗಳಿಗೆ ಕಿಂಡರ್‌ಗೆಲ್ಡ್ ಎಂಬ ಭತ್ಯೆ (2025ರಲ್ಲಿ 255 ಯೂರೋ) ಬರುತ್ತದೆ, ಆದರೆ ಅರ್ಜಿ ಹಾಕಿದವರಿಗೆ ಮಾತ್ರ.

ಟಿಕೆಟ್ ಅಗ್ಗವೆಂದು ರಜೆಗೆ ಎರಡು ದಿನ ಮುಂಚೆ ಮಗುವನ್ನು ಬಿಡಿಸಿಕೊಂಡು ಊರಿಗೆ ಹೊರಡುವುದು ಬೇಡ. ಶಾಲಾ ಹಾಜರಿ ಕಾನೂನಿನ ಕಡ್ಡಾಯ, ಬವೇರಿಯಾದ ವಿಮಾನ ನಿಲ್ದಾಣಗಳಲ್ಲಿ ಪೊಲೀಸರು ಶಾಲಾ ವಯಸ್ಸಿನ ಮಕ್ಕಳನ್ನು ವಿಚಾರಿಸಿ ದೂರು ಬರೆದ ಪ್ರಸಂಗಗಳಿವೆ. ಮನೆಯಲ್ಲಿ ಕನ್ನಡವನ್ನೇ ಆಡಿ. ಜರ್ಮನ್ ಶಾಲೆಯಲ್ಲಿ ಬರುತ್ತದೆ, ಮುರುಕು ಜರ್ಮನ್‌ನಲ್ಲಿ ಮಗುವಿನೊಡನೆ ಮಾತಾಡಿದರೆ ಎರಡೂ ಕೆಡುತ್ತವೆ.

## ಹಂತ 10: ಕಾಯಂ ವಾಸ, ಪೌರತ್ವ

ಬ್ಲೂ ಕಾರ್ಡಿನ ಮೇಲೆ 27 ತಿಂಗಳು ಕೆಲಸ ಮಾಡಿ ಪಿಂಚಣಿ ವಂತಿಗೆ ಕಟ್ಟಿ, ಎ1 ಮಟ್ಟದ ಭಾಷೆ ಇದ್ದರೆ ಕಾಯಂ ವಾಸದ ಪರವಾನಗಿ ಸಿಗುತ್ತದೆ. ಮಧ್ಯಮ ಮಟ್ಟದ ಬಿ1 ಪರೀಕ್ಷೆ ಪಾಸಾದವರಿಗೆ 21 ತಿಂಗಳೇ ಸಾಕು. ಹೀಗಾಗಿ ಬಿ1 ತರಗತಿಗೆ ಮೊದಲ ವರ್ಷವೇ ಸೇರುವುದು ಒಳ್ಳೆಯದು. ಫೋಲ್ಕ್ಸ್‌ಹೋಕ್‌ಶೂಲೆ ಎಂಬ ನಗರದ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ಸಂಜೆಯ ತರಗತಿಗಳಿವೆ.

2024ರ ಜೂನ್ 27ರಿಂದ ಜಾರಿಗೆ ಬಂದ ಕಾನೂನಿನಂತೆ ಐದು ವರ್ಷದ ವಾಸದ ನಂತರ ಪೌರತ್ವಕ್ಕೆ ಅರ್ಜಿ ಹಾಕಬಹುದು, ಹಳೆಯ ಪೌರತ್ವ ಬಿಡಬೇಕೆಂಬ ಷರತ್ತನ್ನೂ ಜರ್ಮನಿ ತೆಗೆದಿದೆ. ಇದನ್ನು ಓದಿ ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದೆಂದು ತಿಳಿಯುವುದು ಗಂಭೀರ ತಪ್ಪು. ಜರ್ಮನಿ ಒಪ್ಪಿದರೂ ಭಾರತ ಒಪ್ಪುವುದಿಲ್ಲ. ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ಕ್ಷಣವೇ ಭಾರತದ ಪೌರತ್ವ ತಾನಾಗಿ ಕೊನೆಗೊಳ್ಳುತ್ತದೆ. ಆಮೇಲೆ ಭಾರತದ ಪಾಸ್‌ಪೋರ್ಟ್ ಬಳಸಿ ಪ್ರಯಾಣ ಮಾಡಿದರೆ ದಂಡವಿದೆ. ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟಿಗೆ ಪಾಸ್‌ಪೋರ್ಟ್ ಒಪ್ಪಿಸಿ, ಸರೆಂಡರ್ ಪ್ರಮಾಣಪತ್ರ ಪಡೆದು, ಅದರ ಮೇಲೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬೇಕು. ಕಾರ್ಡು ಕೈಗೆ ಬರುವವರೆಗೆ ಊರಿಗೆ ಹೋಗಲು ಭಾರತದ ವೀಸಾ ಬೇಕಾಗುವುದರಿಂದ, ಮನೆಯಲ್ಲಿ ಮದುವೆ ಮುಂಜಿ ಗೊತ್ತಾಗಿರುವ ವರ್ಷದಲ್ಲಿ ಪೌರತ್ವದ ಪ್ರಮಾಣಪತ್ರ ಸ್ವೀಕರಿಸುವ ದಿನವನ್ನು ನೋಡಿಕೊಂಡು ಇಟ್ಟುಕೊಳ್ಳಿ.